ಜೊತೆಗೆ ಕೂರುವವರು

ಬುಧವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ಇದನ್ನು ಅಮ್ಮನ ಎದುರು ಓದಬೇಡ. ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಓದು. ಭಾವ ಏನೆಂದು ಕೇಳಿದರೆ ಯಾರದೋ ಅಂಗಿಯ ಅಳತೆ ಎನ್ನು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ಅಷ್ಟನ್ನೇ ನೆಪ ಮಾಡಿಕೊಂಡು ತಮಾಷೆಗೆ ತಿರುಗಿಸುತ್ತೇನೆ. ಹದಿನಾಲ್ಕು ತಿಂಗಳಿಂದ ಹೀಗೇ ಆಗಿದೆ.

ನಾನು ಮತ್ತೆ ಶುರು ಮಾಡಿದ್ದೇನೆ, ಅಕ್ಕ. ಹೊಟ್ಟೆಯ ಆಪರೇಷನ್ ಆಗಿ ನಿನ್ನ ಮನೆಯಲ್ಲಿ ಮಲಗಿದ್ದೆನಲ್ಲ, ಆಗ ಕೊಟ್ಟ ನೋವಿನ ಮಾತ್ರೆ ಮುಗಿದ ಮೇಲೆ ಹಳೆಯ ನಶೆಯ ಪುಡಿಗೇ ಹೋದೆ. ಆ ಮಾತ್ರೆಗಳನ್ನು ಗಡಿಯಾರ ನೋಡಿ ನೋಡಿ ಕೊಟ್ಟವಳು ನೀನು. ಅದಕ್ಕೇ ನಿನಗೆ ಹೇಳಲು ಬಾಯಿ ಬರಲಿಲ್ಲ. ನಿನ್ನದೇನೂ ತಪ್ಪಿಲ್ಲ. ನೋವಿಲ್ಲದಿದ್ದರೂ ಇದೆ ಎಂದು ಹೇಳಿ ಎರಡನೆಯ ಸಲ ಚೀಟಿ ಬರೆಸಿಕೊಂಡವಳು ನಾನು.

ಹಾಗಾದರೆ ಮೂರು ತಿಂಗಳ ಹಿಂದೆ ನಾನು ಅದನ್ನು ಬಿಟ್ಟು ಐದು ವರ್ಷವಾಯಿತೆಂದು ನಮ್ಮ ಕೇಂದ್ರದಲ್ಲಿ ನಡೆದ ಸಮಾರಂಭ? ಅದೂ ಸುಳ್ಳೇ. ಅಮ್ಮ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವಾಗ, ನೀನು ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವಾಗ, ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ನುಂಗಲಿಲ್ಲ. ನಾನು ಭಾಷಣ ಮಾಡಿದೆ, ಜನ ಎರಡು ಕಡೆ ನಕ್ಕರು ಕೂಡ. ಆ ದಿನದ ಫೋಟೋಗೆ ಕಟ್ಟು ಹಾಕಿಸಿ ನಾನು ಕೂರುವ ಕಿಟಕಿಯ ಮೇಲೇ ತೂಗುಹಾಕಿದ್ದಾರೆ.

ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಅಮ್ಮ ನೆರೆಯವರಿಗೆ ಆಫೀಸು ಎನ್ನುತ್ತಾಳೆ, ಇರಲಿ ಎಂದು ಬಿಟ್ಟಿದ್ದೆ. ಬಸ್ ಡಿಪೋದ ಹಿಂದೆ ಮೂರು ಕೋಣೆ. ಒಂದರಲ್ಲಿ ನರ್ಸಮ್ಮ ಗಾಯಗಳಿಗೆ ಪಟ್ಟಿ ಹಾಕುತ್ತಾರೆ, ಇನ್ನೊಂದರಲ್ಲಿ ಜನ ಸುಮ್ಮನೆ ಕೂತು ಹೋಗುತ್ತಾರೆ, ಮೂರನೆಯದರ ಕಿಟಕಿಯಲ್ಲಿ ನಾನು. ಪುಡಿ ಚುಚ್ಚಿಕೊಳ್ಳುವವರು ಬಂದರೆ, ಬಳಸಿದ ಸೂಜಿಯನ್ನು ಹಳದಿ ಡಬ್ಬಕ್ಕೆ ಹಾಕಿಸಿ ಹೊಸದರ ಪೊಟ್ಟಣ ಕೊಡುತ್ತೇನೆ. ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಬಿಡುವ ದಿನ ಬರುವ ತನಕ ಬದುಕಿರಲಿ ಎನ್ನುವುದಷ್ಟೇ ನಮ್ಮ ಕೆಲಸ. ನನ್ನನ್ನು ಅಲ್ಲಿ ಕೂರಿಸಿದ್ದು ನನ್ನ ಓದು ನೋಡಿ ಅಲ್ಲ, ಒಂದು ಕಾಲಕ್ಕೆ ನಾನೂ ಕಿಟಕಿಯ ಆಚೆ ನಿಂತವಳು ಎಂದು.

ಪೊಟ್ಟಣ ಕೊಡುವ ಮುಂಚೆ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ: "ಯಾರು ಕೂರ್ತಾರೆ?" ಅಂದರೆ, ತೆಗೆದುಕೊಳ್ಳುವಾಗ ಪಕ್ಕದಲ್ಲಿ ಯಾರಿರುತ್ತಾರೆ, ಉಸಿರು ನಿಧಾನವಾದರೆ ಮೂಗಿಗೆ ಮದ್ದು ಹೊಡೆದು ಎಬ್ಬಿಸುವವರು ಯಾರು ಎಂದು. ಈ ಪ್ರಶ್ನೆ ಶುರು ಮಾಡಿದ್ದು ನಾನೇ. ಯಾರೂ ಇಲ್ಲ ಎಂದವರಿಗೆ, ಗಂಡು ಹೆಣ್ಣು ಹೊಂದಿಸುವವರ ಹಾಗೆ, ನಾನೇ ಜೋಡಿ ಹಾಕುತ್ತೇನೆ. ಒಬ್ಬರು ಪೇಂಟರ್ ಇದ್ದಾರೆ, ಹಳೇ ಪೇಪರ್ ಕೊಳ್ಳುವ ಒಬ್ಬ ಹೆಂಗಸಿದ್ದಾರೆ. ಇಬ್ಬರಿಗೂ ಯಾವುದೋ ಏಣಿಯ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ವರ್ಷವಾಗಿತ್ತು. ಬೇರೆ ಯಾರೂ ಸಿಗದೆ ಅವರಿಬ್ಬರನ್ನೇ ಕೂಡಿಸಿದೆ. ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರಂತೆ. ಆದರೂ ಹೋದ ತಿಂಗಳು ಪೇಂಟರ್ ಅವರ ತುಟಿ ನೀಲಿಯಾದಾಗ ಎಬ್ಬಿಸಿದ್ದು ಆಯಮ್ಮನೇ. ಎದ್ದ ಮಹಾಶಯರು ಮೊದಲು ಕೇಳಿದ್ದು ಏಣಿ ಎಲ್ಲಿಟ್ಟಿದ್ದೀಯ ಎಂದು.

ಮೊನ್ನೆ ಸೋಮವಾರ ಅದೇ ಪೇಂಟರ್ ಕಿಟಕಿಗೆ ಬಂದರು. ನಾನು ಕೇಳಿದೆ, ಅವರು ಆಯಮ್ಮನ ಹೆಸರು ಹೇಳಿದರು. ಪೊಟ್ಟಣ ಜೇಬಿಗೆ ಹಾಕಿಕೊಂಡರೂ ಹೋಗಲಿಲ್ಲ. ನನ್ನ ಕಣ್ಣನ್ನೇ ದಿಟ್ಟಿಸಿ ನೋಡಿ, ಹಿಂದಿನವರಿಗೆ ಕೇಳಿಸದ ಹಾಗೆ, "ನಿಮಗೆ ಯಾರು ಕೂರ್ತಾರಮ್ಮ?" ಎಂದರು.

ನನ್ನ ಫೋಟೋ ಕೂರುತ್ತದೆ ಎಂದು ಮೇಲೆ ಕೈ ತೋರಿಸಿ ನಕ್ಕೆ. ಅವರು ನಗಲಿಲ್ಲ. ನಾನು ಮುಂದಿನವರನ್ನು ಕರೆದೆ.

ನನಗೆ ಯಾರೂ ಕೂರುವುದಿಲ್ಲ. ಒಂಟಿಯಾಗಿರುವವರಿಗೆಂದೇ ನಮ್ಮಲ್ಲಿ ಒಂದು ಫೋನ್ ನಂಬರ್ ಇದೆ, ಆ ಕಡೆ ಒಬ್ಬರು ಲೈನಿನಲ್ಲೇ ಇರುತ್ತಾರೆ. ಎತ್ತುವವರು ಮೂವರು, ಮೂವರಿಗೂ ಕಲಿಸಿದವಳು ನಾನು. ಹೆಸರು ಹೇಳದಿದ್ದರೂ ನನ್ನ ಕೆಮ್ಮಿನಲ್ಲೇ ಗುರುತು ಹಿಡಿಯುತ್ತಾರೆ. ನರ್ಸಮ್ಮನಿಗೆ ಹೇಳಿದರೆ ಬೈಯುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಅಪ್ಪಿಕೊಂಡು ಅತ್ತು, ಆಮೇಲೆ ನಿಯಮದಂತೆ ಕಿಟಕಿಯಿಂದ ಎಬ್ಬಿಸುತ್ತಾರೆ. ಆ ಕಿಟಕಿ ಇಲ್ಲದಿದ್ದರೆ ಬೆಳಿಗ್ಗೆ ನಾನು ಏಳುವುದಾದರೂ ಯಾತಕ್ಕೆ? ನೀವು ಬಿಟ್ಟು ಐದು ವರ್ಷ ಇದ್ದೀರಿ, ನಾನು ಐದು ದಿನ ಇದ್ದು ನೋಡುತ್ತೇನೆ ಎಂದು ಹೋಗಿ ಈಗ ಎರಡು ತಿಂಗಳಾದವರಿದ್ದಾರೆ. ಅವರಿಗೆ ಯಾವ ಮುಖ ತೋರಿಸಲಿ? ಎರಡು ಗಂಟೆಗೆ ಕಿಟಕಿ ಮುಚ್ಚಿ, ಒಬ್ಬರೇ ಕೂತು ತೆಗೆದುಕೊಳ್ಳಬೇಡಿ ಎಂದು ಇನ್ನೊಬ್ಬರಿಗೆ ಹೇಳಿದ್ದನ್ನೇ ಮಾಡಲು ನನ್ನ ಈ ಬಾಡಿಗೆ ಕೋಣೆಗೆ ಬರುತ್ತೇನೆ. ಅಡಕತ್ತರಿಯಲ್ಲಿ ಸಿಕ್ಕಿದ್ದೇನೆ ಅಕ್ಕ, ಕತ್ತರಿಯೂ ನನ್ನದೇ.

ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ದಿನಾ ನುಂಗುವ ಔಷಧಿ ಕೊಟ್ಟು ಇದನ್ನು ಹತೋಟಿಗೆ ತರುತ್ತಾರೆ. ಹೆಸರು ಬರೆಸಿ ಬಂದಿದ್ದೇನೆ, ನಿನ್ನಾಣೆಗೂ ನಿಜ. ಸರದಿ ಬರುವುದು ಏಳು ವಾರಕ್ಕೆ. ಈಗ ಬೀದಿಯಲ್ಲಿ ಸಿಗುವ ಪುಡಿಯಲ್ಲಿ ಏನೇನೋ ಬೆರೆತಿರುತ್ತದೆ. ಈ ತಿಂಗಳು ನಮ್ಮ ಪಟ್ಟಿಯಿಂದ ನಾಲ್ಕು ಹೆಸರು ತೆಗೆದಿದ್ದೇನೆ. ಏಳು ವಾರ ನಾನು ಉಳಿಯಬೇಕು. ನನಗೆ ಉಳಿಯುವ ಆಸೆ ಇದೆ.

ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ. ಮಧ್ಯಾಹ್ನ ಮೂರಕ್ಕೆ ಅಮ್ಮ ಮಲಗಿರುತ್ತಾಳೆ. ನಾನು ಫೋನ್ ಮಾಡುತ್ತೇನೆ, ಎತ್ತಿ ಮೆಷಿನ್ ಪಕ್ಕ ಇಟ್ಟುಕೋ. ಇಪ್ಪತ್ತು ನಿಮಿಷ ಸಾಕು. ಮಾತಾಡಲು ಇಷ್ಟವಿಲ್ಲದಿದ್ದರೆ ಬೇಡ, ನಿನ್ನ ಪಾಡಿಗೆ ಹೊಲಿಯುತ್ತಿರು. ನಡುನಡುವೆ ಇದ್ದೀಯಾ ಎಂದು ಕೇಳು, ಇದ್ದೇನೆ ಎನ್ನುತ್ತೇನೆ. ಎರಡು ಸಲ ಕರೆದರೂ ನಾನು ಉತ್ತರ ಕೊಡದಿದ್ದರೆ ಮೂರನೆಯದಕ್ಕೆ ಕಾಯಬೇಡ. ಭಾವನ ಫೋನಿನಿಂದ ಆಂಬುಲೆನ್ಸಿಗೂ ಕೆಳಗಿನ ಇಸ್ತ್ರಿ ಅಂಗಡಿಯವರಿಗೂ ಹೇಳು, ನಂಬರುಗಳನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುವುದಿಲ್ಲ. ಮೂಗಿಗೆ ಹೊಡೆಯುವ ಮದ್ದು ಬಾಗಿಲ ಹಿಂದಿನ ಮೊಳೆಯಲ್ಲಿ, ನೀಲಿ ಚೀಲದಲ್ಲಿದೆ. ಇಸ್ತ್ರಿಯವರಿಗೆ ಅದನ್ನು ಹೊಡೆಯಲು ಕಲಿಸಿದ್ದೇನೆ. ನಮ್ಮ ಆಫೀಸಿನ ತರಬೇತಿ ಎಂದು ನಂಬಿದ್ದಾರೆ ಪಾಪ.

ಆರು ವರ್ಷದ ಹಿಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಹೇಳಿದ್ದು ನನಗೆ ಮರೆತಿಲ್ಲ. "ಇನ್ನೊಂದ್ ಸಲ ಆದ್ರೆ ನಂಗೆ ತಂಗೀನೇ ಇರ್ಲಿಲ್ಲ ಅಂದ್ಕೋತೀನಿ." ಅದನ್ನು ವಾಪಸ್ ತಗೋ ಎನ್ನುತ್ತಿಲ್ಲ. ಏಳು ವಾರ ಮುಂದಕ್ಕೆ ಹಾಕು, ಅಷ್ಟೇ. ಬಿಟ್ಟುಬಿಡೇ ಎಂದು ಮಾತ್ರ ಅಳಬೇಡ. ಆ ಮಾತನ್ನು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ನನಗೆ ಬೇಕಿರುವುದು ಆ ಕಡೆ ಒಬ್ಬರು.

ಅಮ್ಮನಿಗೆ ಹೇಳುವುದು ಬಿಡುವುದು ನಿನ್ನ ಇಷ್ಟ. ನಾನು ಹೇಳಲಾರೆ. ಶುಕ್ರವಾರಕ್ಕೆ ಕಾಗದ ನಿನ್ನ ಕೈ ಸೇರಬಹುದು. ಶನಿವಾರ ಮೂರಕ್ಕೆ ಫೋನ್ ಮಾಡುತ್ತೇನೆ.

ನಿನ್ನ ತಂಗಿ,
ಪೀಚು

ಇನ್ನೊಂದು ಮಾತು: ಪೇಂಟರ್ ಕೇಳಿದ್ದರಿಂದ ಬರೆದೆ ಎನ್ನುವ ಹಾಗೆ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಹೋದ ಶನಿವಾರ ಅಮ್ಮನ ಕನ್ನಡಕದ ವಿಷಯ ಮಾತಾಡಲು ನೀನೇ ಫೋನ್ ಮಾಡಿದ್ದೆ. ನಾನು ಆಗಷ್ಟೇ ತೆಗೆದುಕೊಂಡಿದ್ದೆ, ಆದರೂ ಎತ್ತದಿದ್ದರೆ ನಿನಗೆ ಅನುಮಾನ ಬರುತ್ತದೆ ಎಂದು ಎತ್ತಿದೆ. ನಡುವೆ ನಾನು ಸುಮ್ಮನಾದೆ. ನೀನು ಸಿಟ್ಟು ಮಾಡಿಕೊಂಡು, ಮಾತಾಡ್ತಾ ಮಾತಾಡ್ತಾ ನಿದ್ದೆ ಹೊಡೀತೀಯಲ್ಲೇ, ಏಳೇ ಪೀಚು, ಏಳೇ ಎಂದು ಬೈಯುತ್ತಲೇ ಇದ್ದೆ. ಎಷ್ಟು ಸಲ ಕರೆದೆಯೋ, ನನಗೆ ಕೇಳಿಸಿದ್ದು ಕೊನೆಯ ಎರಡು. ಹ್ಞೂಂ ಎಂದು ಉಸಿರೆಳೆದುಕೊಂಡಾಗ ನನ್ನ ಬೆರಳ ತುದಿಗಳು ನೀಲಿಯಾಗಿದ್ದವು. ನೀನು ಬೇಸತ್ತು ಫೋನ್ ಇಟ್ಟಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಆಮೇಲೆ ನೀನು, ಸರಿಯಾಗಿ ಬರ್ಕೋ ಎಂದು ಗದರಿ, ಕನ್ನಡಕದ ನಂಬರನ್ನು ಮತ್ತೆ ಮೊದಲಿನಿಂದ ಹೇಳಿದೆ.