ಕೋಳಿಗೂಡಿಗೆ ಬೆರಳು ಮಾಡಿದ ಫಲಕ

ಭೂಮಿ ಕಚೇರಿಯ ಮಾನ್ಯ ಕ್ಷೇತ್ರಾಧಿಕಾರಿಗಳೇ,

ಕುಂಟಮೇಜು ಎಂಬ ಬಂಡೆಗಲ್ಲು ನನ್ನ ಹಿತ್ತಲಲ್ಲಿ ಇಲ್ಲ. ಎಪ್ಪತ್ತೊಂದು ವರ್ಷದಿಂದ ದಕ್ಷಿಣ ಯೂಟಾದ ಇದೇ ಕಣಿವೆಯಲ್ಲಿ ಬದುಕಿರುವ ನಾನು ಇದನ್ನು ಖಾತ್ರಿಯಾಗಿ ಹೇಳಬಲ್ಲೆ. ನನ್ನ ಹಿತ್ತಲಲ್ಲಿ ಇರುವುದು ಕೋಳಿಗೂಡು. ಆದರೆ ಹಳೆಯ ದನದ ದಾರಿ ಕವಲೊಡೆಯುವಲ್ಲಿ ನಿಮ್ಮ ಕಚೇರಿ ನೆಟ್ಟಿರುವ ಕಂದು ಫಲಕ, 'ಕುಂಟಮೇಜು, ಎರಡು ಮೈಲಿ' ಎಂದು ಸಾರುತ್ತಾ, ತನ್ನ ಬಾಣವನ್ನು ನೇರ ಆ ಗೂಡಿನ ಕಡೆಗೆ ತಿರುಗಿಸಿಕೊಂಡು ಒಂದೂವರೆ ವರ್ಷದಿಂದ ನಿಂತಿದೆ. ಅದನ್ನು ಸರಿಪಡಿಸಿ ಎಂದು ಕೇಳಿದ್ದಕ್ಕೆ ನೀವು ಕಳಿಸಿದ್ದು ನೋಟಿಸು. ಅದೂ ನನಗೆ. ಪರವಾನಗಿ ಇಲ್ಲದೆ ಚಾರಣಿಗರಿಗೆ ಮಾರ್ಗದರ್ಶನ ಮಾಡಿದೆನಂತೆ! ಇಷ್ಟು ದಿನ ನಿಮಗೆ ಖಾಸಗಿಯಾಗಿ ಬರೆಯುತ್ತಿದ್ದೆ. ನಿಮ್ಮ ಉತ್ತರಗಳು ಬಹಳ ಸೊಗಸಾಗಿರುವುದರಿಂದ, ಊರಿನವರೂ ಓದಿ ಸಂತೋಷಪಡಲಿ ಎಂದು ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ.

ಫಲಕಕ್ಕೆ ಹುಟ್ಟಿನಿಂದಲೇ ಈ ಚಾಳಿ ಇರಲಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ರಸ್ತೆ ಸಮ ಮಾಡಲು ಬಂದ ಯಂತ್ರವೊಂದು ಅದನ್ನು ಗುದ್ದಿತು. ಬಾಣದ ತಗಡು ಕಳಚಿ ಬಿತ್ತು. ನಿಮ್ಮ ಇಬ್ಬರು ಕೆಲಸಗಾರರು ಬಂದು ಅದನ್ನು ಮತ್ತೆ ಜೋಡಿಸಿ, ಎರಡು ಬೋಲ್ಟು ಬಿಗಿದು ಹೋದರು. ಬಿಗಿತದ ಬಗ್ಗೆ ನನ್ನ ದೂರಿಲ್ಲ, ಗಾಳಿಗೂ ಅಲುಗಾಡಿಲ್ಲ. ತಗಡು ಮಾತ್ರ ತಲೆಕೆಳಗಾಗಿತ್ತು. ಪೂರ್ವಕ್ಕಿದ್ದ ಬಾಣ ಪಶ್ಚಿಮಕ್ಕೆ ಹೊರಳಿತು, ಅಷ್ಟೆ. ಅಂದಿನಿಂದ ನಾನು ಪ್ರೇಕ್ಷಣೀಯ ಸ್ಥಳದಲ್ಲಿ ವಾಸವಾಗಿದ್ದೇನೆ.

ಕುಂಟಮೇಜು ಹೇಗಿದೆ ಎಂದು ನಿಮಗೆ ಫೋಟೋಗಳಿಂದಲಾದರೂ ಗೊತ್ತಿರಬೇಕು. ಮೂರು ಆಳೆತ್ತರದ ಸಣಕಲು ಕಾಲು, ಅದರ ಮೇಲೆ ಮನೆಯ ಮಾಳಿಗೆಯಷ್ಟು ಅಗಲದ ಕೆಂಪು ಚಪ್ಪಡಿ, ಒಂದು ಮಗ್ಗುಲಿಗೆ ಕೊಂಚ ವಾಲಿದ್ದು. ಅದನ್ನು ನೋಡಲೆಂದು ಜನ ಸಾವಿರಾರು ಮೈಲಿ ಬರುತ್ತಾರೆ. ಬಂದವರು ನನ್ನ ಹಿತ್ತಲಲ್ಲಿ ಕಾಣುವುದು ನನ್ನ ದಿವಂಗತ ಪತಿ ಡೆವೊನ್ ಹುಲ್ಲಿನ ಹೊಲದಿಂದ ಆರಿಸಿ ಒಟ್ಟಿದ ಕಲ್ಲುರಾಶಿಯನ್ನು. ಒಬ್ಬ ಗಡ್ಡದ ಮಹಾಶಯರು ಅದಕ್ಕೆ ನಾಲ್ಕು ಸುತ್ತು ಬಂದು ಫೋಟೋ ತೆಗೆದು, ನನ್ನ ಕಡೆ ತಿರುಗಿದರು.

"ಇದೇನಾ ಮೇಡಂ? ಒಂದೇ ಕಾಲಿರತ್ತೆ ಅಂದಿದ್ರು."

"ಅದು ನನ್ನ ಗಂಡ ಹೊಲದಿಂದ ಎತ್ತಿ ಹಾಕಿದ ಕಲ್ಲಪ್ಪ."

"ಓ! ನಿಮ್ಮೆಜಮಾನ್ರು ಕಲಾವಿದ್ರಾ?"

"ಅಲ್ಲ. ಬೆನ್ನುನೋವಿನವರು."

ಅವರಿಗೆ ನಂಬಿಕೆಯಾಗಲಿಲ್ಲ. ಆ ಫೋಟೋವನ್ನು ಅಂತರ್ಜಾಲಕ್ಕೆ ಹಾಕಿದರಂತೆ, ನೂರಾರು ಜನ ಮೆಚ್ಚಿದರಂತೆ. ಡೆವೊನ್ ಬದುಕಿದ್ದಾಗ ಆ ರಾಶಿಯನ್ನು ಮೆಚ್ಚಿದವರು ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ನನ್ನ ಮೊದಲ ಪತ್ರಕ್ಕೆ ನೀವು 'ನಮ್ಮ ದಾಖಲೆಗಳ ಪ್ರಕಾರ ಸದರಿ ಬಾಣವು ಪೂರ್ವಾಭಿಮುಖವಾಗಿದೆ' ಎಂದು ಉತ್ತರಿಸಿದಿರಿ. ಕಚೇರಿ ಹೇಳಿದ ಮೇಲೆ ಸೂರ್ಯನೇ ತಪ್ಪಿರಬೇಕೆಂದು ಎರಡು ದಿನ ಮುಂಜಾನೆ ಎದ್ದು ನೋಡಿದೆ. ಅವನು ಎಂದಿನ ಕಡೆಯಿಂದಲೇ ಬಂದ. ಎರಡನೆಯ ಪತ್ರಕ್ಕೆ, ನಿವೃತ್ತಿಯ ಹೊಸ್ತಿಲಲ್ಲಿದ್ದ ನಿಮ್ಮ ಪರಿಶೀಲಕರೊಬ್ಬರು ಸ್ವತಃ ಬಂದರು. ಫಲಕದ ಮುಂದೆ ದಿಕ್ಸೂಚಿ ಹಿಡಿದು ಬಹಳ ಹೊತ್ತು ನಿಂತರು.

"ಹೌದು ಮೇಡಂ, ತಿರುವುಮುರುವಾಗಿದೆ."

"ಹಾಗಾದ್ರೆ ತಿರುಗಿಸಿಬಿಡಿ. ಸ್ಪ್ಯಾನರ್ ನನ್ನ ಹತ್ರ ಇದೆ."

"ಅಯ್ಯೋ, ನಾನು ನೋಡೋಕೆ ಮಾತ್ರ ಬಂದಿರೋದು. ತಿರುಗಿಸೋ ವಿಭಾಗ ಬೇರೆ."

"ನಾನೇ ತಿರುಗಿಸ್ಲಾ?"

"ನಾನು ಇರೋವಾಗ ಬೇಡ. ಸರ್ಕಾರದ ಫಲಕ ಮುಟ್ಟಿದ್ರೆ ಕೇಸಾಗತ್ತೆ." ಇಷ್ಟು ಹೇಳಿ, ಒಳ್ಳೆಯ ಮನುಷ್ಯ, ಒಂದು ಡಜನ್ ಮೊಟ್ಟೆ ತೆಗೆದುಕೊಂಡು ಹೋದರು. ತಿಂಗಳ ಮೇಲೆ, ವಿಷಯವು 'ದಿಕ್ಕು ಬದಲಾವಣೆ ಪರಿಶೀಲನಾ ಸಮಿತಿ'ಯ ಮುಂದಿದೆಯೆಂದು ನಿಮ್ಮಿಂದ ತಿಳಿದುಬಂತು. ದಿಕ್ಕನ್ನು ಬದಲಿಸಲು ಸಮಿತಿಯೇ ಬೇಕು, ಒಪ್ಪಿದೆ. ಬಾಣವನ್ನು ಬದಲಿಸಲು ಸ್ಪ್ಯಾನರ್ ಸಾಲದೇ?

ಕೊನೆಗೆ ನನ್ನದೇ ಬೇಲಿಗೆ ಒಂದು ರಟ್ಟು ಕಟ್ಟಿದೆ: 'ಇದು ಕೋಳಿಗೂಡು. ಕಲ್ಲು ಆ ಕಡೆ.' ಒಂದೂವರೆ ವರ್ಷದಲ್ಲಿ ನಿಮ್ಮ ಕಚೇರಿ ತ್ವರಿತವಾಗಿ ಮಾಡಿದ ಏಕೈಕ ಕೆಲಸ ಆಗ ನಡೆಯಿತು. ಅನಧಿಕೃತ ಫಲಕ ತೆಗೆಯಿರಿ ಎಂಬ ಆದೇಶ ನಾಲ್ಕೇ ದಿನದಲ್ಲಿ ಮನೆ ಬಾಗಿಲಿಗೆ ಬಂತು. ತೆಗೆದೆ. ಅದು ಜೂನ್ ತಿಂಗಳು. ಆ ರಟ್ಟನ್ನು ತೆಗೆದದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ಏಕೆಂದರೆ ಜುಲೈನಲ್ಲಿ ನೆಬ್ರಾಸ್ಕಾದಿಂದ ಇಬ್ಬರು ಅಕ್ಕತಂಗಿಯರು ಬಂದರು.

ಅಕ್ಕ ವಿನಿಫ್ರೆಡ್ ಹಾಫ್, ಎಪ್ಪತ್ತು ದಾಟಿದವರು, ಮೂವತ್ತೆಂಟು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ತಂಗಿ ಡಾಟ್, ಎರಡು ವರ್ಷ ಚಿಕ್ಕವರು. ಬೆಳಿಗ್ಗೆ ಎಂಟಕ್ಕೆ ಕಾರನ್ನು ಕವಲಿನಲ್ಲಿ ಬಿಟ್ಟು, ನಿಮ್ಮ ಬಾಣವನ್ನು ನಂಬಿ ನಡೆದಿದ್ದಾರೆ. ನಾನು ಅಡುಗೆಮನೆಯಲ್ಲಿ ಏಪ್ರಿಕಾಟ್ ಹಣ್ಣನ್ನು ಬಾಟಲಿಗೆ ತುಂಬುತ್ತಿದ್ದೆ, ನೋಡಲಿಲ್ಲ. ಅವರು ಗೂಡಿನ ಹಿಂದಿನಿಂದ ಬೇಲಿಗುಂಟ ಸಾಗಿ, ಕಲ್ಲು ಇನ್ನೇನು ಸಿಕ್ಕೀತು ಎಂದುಕೊಂಡು ಒಣಹಳ್ಳಕ್ಕೆ ಇಳಿದುಬಿಟ್ಟಿದ್ದಾರೆ. ಮಧ್ಯಾಹ್ನ, ನಮ್ಮ ಚರ್ಚಿನ ವಾಡಿಕೆಯಂತೆ ನನ್ನನ್ನು ಸಿಸ್ಟರ್ ಎಂದೇ ಕರೆಯುವ ನೆರೆಯ ಥೇನ್ ಬಂದು ಜಾಲರಿ ಬಾಗಿಲು ಬಡಿದ.

"ಸಿಸ್ಟರ್ ಟೆನ್ನಿ, ಕವಲಲ್ಲಿ ಒಂದು ಕಾರು ಬೆಳಿಗ್ಗೆಯಿಂದ ನಿಂತೇ ಇದೆ. ನಿಮ್ಮ ಹತ್ರ ಯಾರಾದ್ರೂ ಬಂದಿದ್ರಾ?"

"ಇಲ್ವಲ್ಲೋ."

ಇಬ್ಬರೂ ಗೂಡಿನ ಹಿಂದೆ ಹೋಗಿ ನೋಡಿದೆವು. ಎರಡು ಜೊತೆ ಬೂಟಿನ ಗುರುತು ಒಣಹಳ್ಳದ ಕಡೆ ಹೋಗಿದ್ದವು. ವಾಪಸು ಬಂದ ಗುರುತು ಇರಲಿಲ್ಲ. ನೆರಳಿನಲ್ಲೇ ನೂರೆಂಟು ಡಿಗ್ರಿ ಫ್ಯಾರನ್‌ಹೀಟ್ ಸುಡುತ್ತಿತ್ತು. ಥೇನ್‌ನ ಪಿಕಪ್ಪು ಮರಳಿನಲ್ಲಿ ಹೂತುಕೊಳ್ಳುವವರೆಗೂ ಹಳ್ಳದಲ್ಲಿ ಓಡಿಸಿದೆವು, ಆಮೇಲೆ ನೀರಿನ ಕ್ಯಾನು ಹೊತ್ತು ನಡೆದೆವು. ನನ್ನ ಮೊಣಕಾಲು ಆ ದಿನ ನೋಯಲೇ ಇಲ್ಲ. ಅಷ್ಟು ಹೆದರಿದ್ದೆ.

ಮೂರು ಮೈಲಿ ಆಚೆ, ಒಂದು ಜುನಿಪರ್ ಮರದ ಅಡಿ ಸಿಕ್ಕರು. ವಿನಿಫ್ರೆಡ್ ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು, ತುಟಿ ಒಡೆದು ರಕ್ತ ಕಟ್ಟಿತ್ತು. ಡಾಟ್ ತಮ್ಮ ಟೊಪ್ಪಿಗೆಯನ್ನು ಅಕ್ಕನ ಮುಖಕ್ಕೆ ಅಡ್ಡ ಹಿಡಿದು, ತಾವು ಬರಿದಲೆಯಲ್ಲಿ ಕೂತಿದ್ದರು. ನಮ್ಮ ಹೆಜ್ಜೆ ಸದ್ದು ಕೇಳಿದ್ದೇ ತಡ, ಅವರ ಬಾಯಿಂದ ಬಂದದ್ದು 'ಕಾಪಾಡಿ' ಎಂಬ ಮಾತಲ್ಲ.

"ನಾನು ಬೆಳಿಗ್ಗೆನೇ ಹೇಳ್ದೆ ಇವಳಿಗೆ, ಬಿಸಿಲು ಬೆನ್ನಿಗೆ ಬೀಳ್ತಿದೆ ಕಣೇ, ನಾವು ಪೂರ್ವಕ್ಕೆ ಹೋಗ್ತಿಲ್ಲ ಅಂತ. ಕಣ್ಣು ಕಾಣದೋಳ ಮಾತು ಯಾರು ಕೇಳ್ತಾರೆ!"

ವಿನಿಫ್ರೆಡ್ ಕಣ್ಣು ಮುಚ್ಚಿಕೊಂಡೇ ತೊದಲಿದರು: "ಸರ್ಕಾರದ ಬೋರ್ಡು... ಸುಳ್ಳು ಹೇಳತ್ತಾ?"

ಈ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದ್ದರೆ ದಯವಿಟ್ಟು ಆ ಮೇಷ್ಟ್ರಮ್ಮನಿಗೆ ಬರೆದು ತಿಳಿಸಿ.

ಕ್ಯಾನಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಥೇನ್ ಅಕ್ಕನನ್ನು ಬೆನ್ನಿಗೆ ಹಾಕಿಕೊಂಡ, ನಾನು ತಂಗಿಯ ಕೈ ಹಿಡಿದೆ. ಮನೆಯಲ್ಲಿ ಒದ್ದೆ ದುಪ್ಪಟಿ ಹೊದಿಸಿ, ಬಾಟಲಿಯಲ್ಲಿಟ್ಟ ಪೀಚ್ ಹಣ್ಣಿನ ಸಿಹಿನೀರಿಗೆ ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ಕುಡಿಸಿದೆವು. ಕ್ಲಿನಿಕ್ಕಿನಿಂದ ಬಂದ ನರ್ಸು ಅಕ್ಕನ ನಾಡಿ ನೋಡಿ, ಇನ್ನೊಂದು ಗಂಟೆ ತಡವಾಗಿದ್ದರೆ ತಾನು ಬರುವ ಅಗತ್ಯವೇ ಇರುತ್ತಿರಲಿಲ್ಲ ಎಂದಳು.

ಅವರು ಯಾಕೆ ಬಂದಿದ್ದರೆಂದು ಸಂಜೆ ಗೊತ್ತಾಯಿತು. ಡಾಟ್ ಅವರ ಕಣ್ಣಿನ ನಡುಭಾಗ ಅಳಿಸಿಹೋಗುತ್ತಿದೆ. ಎದುರಿಗಿರುವುದು ಕಾಣುವುದಿಲ್ಲ, ಅಂಚಿನಲ್ಲಿರುವುದು ಮಾತ್ರ ಕಾಣುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಅದೂ ಅನುಮಾನ ಎಂದರಂತೆ ಡಾಕ್ಟರು. ಕಣ್ಣಿರುವಾಗ ಏನು ನೋಡಬೇಕು ಎಂದು ಅಕ್ಕ ಕೇಳಿದಾಗ, ಚಿಕ್ಕಂದಿನಲ್ಲಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಕುಂಟಮೇಜು ಎಂದಿದ್ದರು ತಂಗಿ. "ಹೋಗ್ಲಿ ಬಿಡಿ," ಎಂದು ನನಗೆ ಹೇಳಿದರು. "ನಿಮ್ಮ ಕೋಳಿಗಳನ್ನಾದ್ರೂ ನೋಡ್ದೆ."

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಮೂರನೆಯ ದಿನ ನಸುಕಿನಲ್ಲಿ, ತಂಪಿರುವಾಗಲೇ, ನಾನು ಆ ಇಬ್ಬರನ್ನು ಪೂರ್ವಕ್ಕೆ ಕರೆದುಕೊಂಡು ಹೋದೆ. ಗೊತ್ತಿದ್ದೂ ಹೋದೆ. ಇಳಿಜಾರು ಬಂದಾಗ ಡಾಟ್ ಅವರ ತೋಳನ್ನೂ ಹಿಡಿದೆ. ಕಲ್ಲಿನ ಮುಂದೆ ನಿಂತಾಗ ಅವರು ಅದರೊಡನೆ ಮುನಿಸಿಕೊಂಡವರ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿದರು. ಕಣ್ಣಂಚಿಗೆ ಅದನ್ನು ತಂದುಕೊಳ್ಳಲು ಅವರಿಗೆ ಅದೊಂದೇ ದಾರಿ. ಬಿಸಿಲು ಆಗಷ್ಟೇ ಚಪ್ಪಡಿಯನ್ನು ಮುಟ್ಟಿತ್ತು.

"ವಿನ್ನಿ, ಇದು ಕುಂಟ್ತಾ ಇಲ್ಲ ಕಣೇ. ನಮ್ಮಿಬ್ಬರಿಗಿಂತ ನೆಟ್ಟಗೆ ನಿಂತಿದೆ."

ವಿನಿಫ್ರೆಡ್ ಗಂಟಲು ಸರಿಮಾಡಿಕೊಂಡರು. "ಅದು ಏನಂದ್ರೆ, ಮೇಲಿನ ಪದರ ಗಟ್ಟಿ, ಕೆಳಗಿನದು ಮೆದು, ಹಾಗಾಗಿ ಗಾಳಿ ನೀರು..."

"ಪಾಠ ಬೇಡ. ನನ್ನ ಪಕ್ಕ ನಿಂತ್ಕೋ."

ಮೇಷ್ಟ್ರಮ್ಮ ಪಾಠ ನಿಲ್ಲಿಸಿ ತಂಗಿಯ ಪಕ್ಕ ನಿಂತರು. ನಾನು ಅವರ ಕಡೆ ನೋಡದೆ ಬೇರೆಲ್ಲೋ ನೋಡುತ್ತಿದ್ದೆ. ನನಗೂ ಕಣ್ಣು ಮಂಜಾಗಿತ್ತು, ವೈದ್ಯಕೀಯ ಕಾರಣವೇನೂ ಇಲ್ಲ.

ನೆಬ್ರಾಸ್ಕಾಕ್ಕೆ ಮರಳಿದ ವಿನಿಫ್ರೆಡ್, ಪಾಪ, ನಿಮ್ಮ ಕಚೇರಿಗೆ ಒಂದು ಕೃತಜ್ಞತೆಯ ಪತ್ರ ಬರೆದರು. ನಿಮ್ಮ ಸೀಮೆಯಲ್ಲಿ ಆರ್ಡಿತ್ ಟೆನ್ನಿಯಂಥ ಮಾರ್ಗದರ್ಶಿ ಇರುವುದು ಪುಣ್ಯ ಎಂದರು. ಆ ಪತ್ರದ ಪ್ರತಿಯನ್ನೇ ಸಾಕ್ಷ್ಯವೆಂದು ನೀವು ನೋಟಿಸಿಗೆ ಲಗತ್ತಿಸಿದ್ದೀರಿ, 'ಮಾರ್ಗದರ್ಶಿ' ಎಂಬ ಪದಕ್ಕೆ ಕೆಂಪು ಗೆರೆ ಎಳೆದು. ಎಂಥ ಜಾಗರೂಕ ಓದು! ಅದೇ ಪತ್ರದ ಎರಡನೆಯ ಪುಟದಲ್ಲಿ ಅವರು ಬಾಣ ತಪ್ಪಾಗಿದೆಯೆಂದು ಬರೆದಿದ್ದರು. ಆ ಸಾಲಿಗೆ ಯಾವ ಬಣ್ಣದ ಗೆರೆಯೂ ಇಲ್ಲ. ಅಕ್ಷರ ಸಣ್ಣದಿತ್ತೇ? ಜನರನ್ನು ಮರುಭೂಮಿಗೆ ಕಳಿಸುವುದಕ್ಕೆ ಪರವಾನಗಿ ಬೇಡ, ಅಲ್ಲಿಂದ ಕರೆತರುವುದಕ್ಕೆ ಬೇಕು ಎಂಬ ನಿಯಮ ಯಾವ ಪುಸ್ತಕದಲ್ಲಿದೆ? ಡಾಟ್ ಅವರ ತೋಳನ್ನು ಬಿಟ್ಟು, ಬರಿಯ ಬಾಯಲ್ಲಿ ದಾರಿ ಹೇಳಿದ್ದರೆ ಶಿಕ್ಷೆ ಕಡಿಮೆಯಾಗುತ್ತಿತ್ತೇ?

ನನ್ನ ಬೇಡಿಕೆ ದೊಡ್ಡದಲ್ಲ. ನೋಟಿಸನ್ನು ಬೇಕಾದರೆ ಇಟ್ಟುಕೊಳ್ಳಿ, ನಾನು ವಿಚಾರಣೆಗೆ ಹಾಜರಾಗುತ್ತೇನೆ, ಥೇನ್ ಸಾಕ್ಷಿ ಹೇಳುತ್ತಾನೆ. ಆದರೆ ಮುಂದಿನ ಬೇಸಿಗೆಗೆ ಮೊದಲು ಆ ಎರಡು ಬೋಲ್ಟು ಬಿಚ್ಚಿ ತಗಡನ್ನು ತಿರುಗಿಸಿ. ಸಮಿತಿಗೆ ಇನ್ನೂ ಸಂಶಯವಿದ್ದರೆ ಬರುವ ಶನಿವಾರ ತಾವೇ ದಯಮಾಡಿಸಿ. ನಕ್ಷೆ ತರಬೇಡಿ. ಕಾರನ್ನು ಕವಲಿನಲ್ಲಿ ಬಿಟ್ಟು, ತಮ್ಮ ಕಚೇರಿಯ ಬಾಣವನ್ನು ಪೂರ್ತಿ ನಂಬಿ ನಡೆಯಿರಿ. ಐದು ನಿಮಿಷದಲ್ಲಿ ನನ್ನ ಹಿತ್ತಲಿಗೆ ಬಂದು ತಲುಪುತ್ತೀರಿ. ನಾನು ಅಲ್ಲೇ ಇರುತ್ತೇನೆ, ಕುಡಿಯಲು ನೀರು ಕೊಡುತ್ತೇನೆ, ಕೂರಲು ಕುರ್ಚಿ ಹಾಕುತ್ತೇನೆ. ದಾರಿ ತಪ್ಪಿದ್ದೀರಿ ಎಂದು ಮಾತ್ರ ಹೇಳಲಾರೆ. ಹೇಳಿದರೆ ಅದೂ ಮಾರ್ಗದರ್ಶನವಾದೀತು.

ಇಂತಿ,
ಪರವಾನಗಿ ಇಲ್ಲದೆ ಪೂರ್ವ ಯಾವ ಕಡೆಯೆಂದು ಬಲ್ಲ,
ಆರ್ಡಿತ್ ಟೆನ್ನಿ