ಅರ್ಧ ದಡ್ಡನ ಹನ್ನೊಂದು ಜುಲೈಗಳು

ಜುಲೈ ೨೧, ಬೆಳಿಗ್ಗೆ ೫.೪೦

ಕ್ಯಾಂಪ್ ಶುರು. ಹನ್ನೆರಡನೆಯ ವರ್ಷ. ತೂಕ ೨೪೪ ಪೌಂಡ್ — ಸರಿಯಿದೆ. ಮೊಟ್ಟೆ ಆರು, ಓಟ್ಸ್. ಎರಡು ಬೆರಳಿಗೆ ಪಟ್ಟಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ನುಗ್ಗುವವನನ್ನು ಅಡ್ಡಬಿದ್ದು ಕೆಡವುವುದು ಲೈನ್‌ಬ್ಯಾಕರನ ಕೆಲಸ, ಬೆರಳು ನೆಟ್ಟಗಿರುತ್ತದೆಯೇ?

ನಾಳೆ ತಲೆಯ ಪರೀಕ್ಷೆ. ನಮಗೆಲ್ಲ ಅದೊಂದು ತಮಾಷೆ. ಕಂಪ್ಯೂಟರ್ ಮುಂದೆ ಕೂತು ಪದ ನೆನಪಿಡು, ಬಣ್ಣ ಕಂಡರೆ ಗುಂಡಿ ಒತ್ತು. ಸೀಸನ್‌ನಲ್ಲಿ ತಲೆಗೆ ಏಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಜುಲೈನ ಅಂಕಕ್ಕಿಂತ ಕಡಿಮೆ ಬಂತೋ, ಬೆಂಚೇ ಗತಿ. ಅದಕ್ಕೇ ಜುಲೈನಲ್ಲೇ ಬೇಕೆಂದು ತಪ್ಪು ಮಾಡುವುದು. ಮೊದಲ ವರ್ಷ ಹಿರಿಯ ಆಟಗಾರ ಒಡೆಲ್ ಕಲಿಸಿದ್ದು: “ತೀರಾ ದಡ್ಡ ಆಗ್ಬೇಡ ಕಣೋ, ಮಷೀನು ಹಿಡಿದುಬಿಡುತ್ತೆ. ಅರ್ಧ ದಡ್ಡ ಸಾಕು. ನಿಂಗೇನು ಕಷ್ಟ ಆಗಲ್ಲ ಬಿಡು.” ಹನ್ನೊಂದು ವರ್ಷ ಅರ್ಧ ದಡ್ಡ. ಒಂದೂ ಪಂದ್ಯ ತಪ್ಪಿಸಿಲ್ಲ. ಹೆಮ್ಮೆಯಿದೆ, ಸುಳ್ಳೇಕೆ.

ಹೊರಡುವಾಗ ಹೆಂಡತಿ ರೆನೀಟಾ ಕೈ ಹಿಡಿದಳು. “ಈ ಸಲ ನಿಜವಾಗ್ಲೂ ಬರಿ. ಜೋನಿ ಮೇಲೆ ಆಣೆ ಮಾಡು.” ಮಗಳ ಮೇಲೆ! ಎಂದೂ ಹೀಗೆ ಕೇಳಿದವಳಲ್ಲ. ಮಾಡಿದೆ.

ಜುಲೈ ೨೨, ಮಧ್ಯಾಹ್ನ

ಬರೆದೆ. ಪೂರ್ತಿ ಮನಸ್ಸಿಟ್ಟು. ಬೆವರು ಬಂತು. ಪಕ್ಕದವನು ನಕ್ಕ — “ಏನ್ ಗುರು, ಮತ್ತೆ ಕಾಲೇಜ್ ಸೇರ್ತೀಯಾ?” ಅಂಕ ಮುಗಿಲು ಮುಟ್ಟುತ್ತದೆ. ಇನ್ನು ಏಟು ಬಿದ್ದರೆ ವಾರಗಟ್ಟಲೆ ಕೂರಿಸುತ್ತಾರೆ. ಎಲ್ಲ ರೆನೀಟಾಳ ದಯೆ.

ಜುಲೈ ೨೩

ತಂಡದ ಡಾಕ್ಟರ್ ಹಾಲ್ವರ್‌ಸನ್ ನಗುತ್ತಲೇ ಹೇಳಿದರು: “ಹೋದ ವರ್ಷಕ್ಕಿಂತ ಚೂರು ಇಳಿದಿದೆ, ವೆಂಡೆಲ್. ತಲೆ ಕೆಡಿಸ್ಕೋಬೇಡ. ಆಡಬಹುದು.”

ಇಳಿದಿದೆ?

ಬೇಕೆಂದು ಕೆಡಿಸಿದ ಅಂಕಕ್ಕಿಂತ ನಿಜವಾದ ಅಂಕ ಕಡಿಮೆ! ಅವರಿಗೆ ಗೊತ್ತಿಲ್ಲ. ಗೊತ್ತಿರುವವನು ನಾನೊಬ್ಬನೇ. “ಥ್ಯಾಂಕ್ಸ್ ಡಾಕ್ಟ್ರೇ” ಎಂದು ಅಭ್ಯಾಸಕ್ಕೆ ಹೋದೆ.

ಜುಲೈ ೩೦

ಒಂದು ವಾರ ದಿನಚರಿ ಬರೆಯಲು ಮನಸ್ಸಾಗಲಿಲ್ಲ.

ನನ್ನ ಹೆಲ್ಮೆಟ್ಟಿಗೆ ಹಸಿರು ಚುಕ್ಕೆ. ಅಂದರೆ ಒಳಗೆ ರೇಡಿಯೋ. ಕೋಚ್ ಹೇಳಿದ್ದನ್ನು ಉಳಿದ ಹತ್ತು ಜನಕ್ಕೆ ನಾನು ಕೂಗಿ ಹೇಳಬೇಕು. ಇವತ್ತು ಕೋಚ್ ಹೇಳಿದ. ಕೇಳಿಸಿತು. ತಿರುಗಿದೆ, ಬಾಯಿ ತೆರೆದೆ... ಏನೂ ಇಲ್ಲ. ಹತ್ತು ಜನ ನನ್ನನ್ನೇ ನೋಡುತ್ತಿದ್ದಾರೆ.

“ರೇಡಿಯೋ ಕೆಟ್ಟೋಯ್ತೇನೋ?” ಕೋಚ್ ಕಿರುಚಿದ.

“ಹೌದು ಕೋಚ್.”

ಚೆನ್ನಾಗಿದ್ದ ರೇಡಿಯೋ ಬದಲಾಯಿಸಿದರು. ನನಗೆ ಭಯವಾಗುತ್ತಿದೆ.

ಜುಲೈ ೩೧, ಬೆಳಿಗ್ಗೆ ೧೦

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ.

“ಹನ್ನೊಂದೂ ಸುಳ್ಳಾ?”

“ಹನ್ನೊಂದೂ.”

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ಹಾಗಾದ್ರೆ ನೀನು ಎಷ್ಟು ಕಳ್ಕೊಂಡಿದ್ದೀಯ ಅಂತ ನಾನು ಹೇಗೆ ಹೇಳ್ಲಿ? ಚೆನ್ನಾಗಿದ್ದಾಗ ನೀನು ಹೇಗಿದ್ದೆ ಅನ್ನೋದು ನನ್ನ ಹತ್ರ ಇಲ್ಲ. ಯಾರ ಹತ್ರಾನೂ ಇಲ್ಲ. ಇವತ್ತಿಂದ ಹೆಲ್ಮೆಟ್ ಮುಟ್ಟಬೇಡ.”

ಹತ್ತು ನಿಮಿಷದಲ್ಲಿ ಆಟ ಮುಗಿಯಿತು. ಅದಕ್ಕಿಂತ ಇದು ನೋಯುತ್ತಿದೆ — ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಚುರುಕಾಗಿದ್ದೆ. ತಂಡದ ಆಟದ ತಂತ್ರಗಳೆಲ್ಲ ಇರುವ ಇಡೀ ಪ್ಲೇಬುಕ್ ಎರಡೇ ದಿನದಲ್ಲಿ ಬಾಯಿಪಾಠ. ಅದಕ್ಕೆ ಒಂದು ಸಾಕ್ಷಿಯೂ ಇಲ್ಲ. ನಾನೇ ಉಳಿಸಲಿಲ್ಲ.

ಮಧ್ಯಾಹ್ನ ೧

ಮನೆಗೆ ಬಂದಾಗ ರೆನೀಟಾ ಕೋಳಿ ಕರಿಯುತ್ತಿದ್ದಳು. ಹೇಳಿದೆ. ಸ್ಟವ್ ಆರಿಸಿದಳು. ಅಳಲಿಲ್ಲ.

“ನೀನು ಕಳ್ಕೊಂಡಿದ್ದರ ಲೆಕ್ಕ ಡಾಕ್ಟರ್ ಹತ್ರ ಇಲ್ದಿದ್ರೇನು, ನನ್ನ ಹತ್ರ ಇದೆ.” ಕಪಾಟಿನಿಂದ ಒಂದು ನೋಟ್‌ಬುಕ್ ತಂದಳು. “ನಾಲ್ಕು ವರ್ಷದಿಂದ ಬರೀತಿದೀನಿ. ತೋರಿಸೋಕೆ ಧೈರ್ಯ ಬರ್ಲಿಲ್ಲ ಕಣೋ.”

ನಾಲ್ಕು ವರ್ಷ!

ಮೊದಲ ಪುಟ. “ಮಾರ್ಚ್ ೯. ಜೋನೀನ ಕರ್ಕೊಂಡು ಬರೋಕೆ ಹೋದವನು ಒಬ್ಬನೇ ಬಂದ. ಎಲ್ಲಿ ಅಂದ್ರೆ, ಕರ್ಕೊಂಡು ಬಂದೆನಲ್ಲ, ಮೇಲಿದಾಳೆ ಅಂದ. ನಾನು ಓಡಿದೆ. ಮಗು ಶಾಲೆ ಗೇಟಲ್ಲಿ ಅಳ್ತಾ ನಿಂತಿತ್ತು.”

ಇಲ್ಲ. ಹೀಗಾಗಿಯೇ ಇಲ್ಲ. ಅವಳಿಗೆ ತೋರಿಸೋಣವೆಂದು ನನ್ನ ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಮಾರ್ಚ್ ೯. ನನ್ನದೇ ಅಕ್ಷರ: “ಒಳ್ಳೆಯ ದಿನ. ಜೋನಿಯನ್ನು ಶಾಲೆಯಿಂದ ಕರೆತಂದೆ. ದಾರಿಯುದ್ದಕ್ಕೂ ಇಬ್ಬರೂ ಹಾಡುತ್ತಾ ಬಂದೆವು.”