ಗುರುವಾರದವರ ಸೀಟು

ಆನರ್ಸ್ ಕಾಲೇಜಿನ ಮಾನ್ಯ ಡೀನ್ ಅವರೇ,

ತಮ್ಮ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದೇ ವಿಶ್ವವಿದ್ಯಾಲಯದ ಮೂವತ್ತು ಸಾವಿರ ಜನರಲ್ಲಿ ಎಂಟುನೂರು ಮಂದಿಯನ್ನು ಆರಿಸಿ ಬೇರೆ ಹಾಸ್ಟೆಲ್, ಹದಿನೈದೇ ಜನರ ತರಗತಿ ಕೊಟ್ಟಿದ್ದೀರಿ. ಅದೆಲ್ಲ ಇರಲಿ. ಅವರು ಸೋಮವಾರವೇ ತಮಗೆ ಬೇಕಾದ ತರಗತಿಗಳಿಗೆ ಹೆಸರು ನೋಂದಾಯಿಸುತ್ತಾರೆ, ನಮ್ಮ ಸರದಿ ಗುರುವಾರ. ಅಷ್ಟು ಹೊತ್ತಿಗೆ ನಮಗೆ ಉಳಿದಿರುವುದೇನು? ಬೆಳಿಗ್ಗೆ ಎಂಟು ಗಂಟೆಯ ಬಂಡೆಗಲ್ಲುಗಳ ಅಧ್ಯಯನ!

ಟೆಸ್ಸಾ ಹಾಲ್ವರ್ಸನ್ ಮತ್ತು ನಾನು ನೆಬ್ರಾಸ್ಕಾದ ಒಂದೇ ಊರಿನವರು. ಶಾಲೆಯ ಊಟದಲ್ಲಿ ಚಿಲಿ ಎಂಬ ಖಾರದ ಮಾಂಸದ ಸಾರಿನ ಜೊತೆ ಕೊಡುವ ದಾಲ್ಚಿನ್ನಿಯ ಸಿಹಿ ರೋಲನ್ನು ಹಂಚಿಕೊಂಡು ಬೆಳೆದವರು. ಇಲ್ಲಿಯೂ ಒಂದೇ ರೂಮಿನಲ್ಲಿರುವುದೆಂದು ಮಾತಾಗಿತ್ತು. ತಮ್ಮ ಆಯ್ಕೆ ಪತ್ರ ಅವಳಿಗೆ ಬಂತು, ನನಗೆ ಬರಲಿಲ್ಲ.

"ಹೋಗ್ಲಾ, ಬೇಡ್ವಾ? ನೀನೇ ಹೇಳೇ," ಎಂದು ಎರಡು ವಾರ ನನ್ನ ತಲೆ ತಿಂದಳು.

"ಹೋಗಮ್ಮ ಮಹಾರಾಣಿ. ನಿನ್ ಬಾಗಿಲು ಕಾಯೋಕೆ ನಾನಿದೀನಲ್ಲ," ಎಂದೆ.

ಹೋಗುವುದಿಲ್ಲ ಎನ್ನುತ್ತಾಳೆಂದು ಕಾದಿದ್ದೆ. ಹೋದಳು. ತಮ್ಮ ಹಾಸ್ಟೆಲಿನ ಬಾಗಿಲು ತಮ್ಮವರ ಕಾರ್ಡಿಗೆ ಮಾತ್ರ ತೆರೆಯುತ್ತದೆ. ನವೆಂಬರಿನ ಚಳಿಯಲ್ಲಿ ಆ ಗಾಜು ತಟ್ಟುತ್ತಾ ನಿಂತವಳು ನಾನು.

ನನಗೆ ಈ ಬಾರಿ ಅಂಗರಚನಾಶಾಸ್ತ್ರದ ಲ್ಯಾಬ್ ಬೇಕೇ ಬೇಕಿತ್ತು. ಸಿಗದಿದ್ದರೆ ನರ್ಸಿಂಗ್ ಸೇರುವುದು ಒಂದು ವರ್ಷ ಮುಂದೆ ಹೋಗುತ್ತದೆ. ಇತಿಹಾಸ ಓದುವ ಟೆಸ್ಸಾ ಸೋಮವಾರ ತನ್ನ ಹೆಸರಿನಲ್ಲಿ ಅಲ್ಲೊಂದು ಸೀಟು ಹಿಡಿದಿಟ್ಟಳು. ಗುರುವಾರ ಹತ್ತು ಗಂಟೆಗೆ ಸರಿಯಾಗಿ ಫೋನ್ ಮಾಡಿದಳು.

"ನಾನು ಮೂರು ಅಂದ ತಕ್ಷಣ ಒತ್ತು. ಕೆಮ್ಮಬೇಡ, ಸೀನಬೇಡ, ಉಸಿರೂ ಬಿಡಬೇಡ ಕಣೇ!"

ಅವಳು ಸೀಟು ಬಿಟ್ಟಳು, ಅದೇ ಕ್ಷಣ ನಾನು ಹಿಡಿದೆ. ಥ್ಯಾಂಕ್ಸ್ ಹೇಳಿದೆನೇ? "ನಿಮಗೇನಮ್ಮ, ಎಲ್ಲಾ ಕೂತಲ್ಲೇ ಸಿಗತ್ತೆ," ಎಂದೆ.

ಬೇರೆಯವರಿಗಾಗಿ ಸೀಟು ಹಿಡಿದಿಡುವುದು ನಿಯಮಕ್ಕೆ ವಿರುದ್ಧವೆಂದು ಈಗ ತಮ್ಮ ಕಚೇರಿ ಅವಳನ್ನು ಕರೆಸಿದೆ. ಅದೇ ನಿಮಿಷದಲ್ಲಿ ಆರು ಸೀಟುಗಳು ಕೈಬದಲಾಗಿದ್ದರಿಂದ ಅವಳದ್ದು ಯಾರಿಗೆ ಹೋಯಿತೆಂದು ತಮಗೆ ತಿಳಿಯಲಿಲ್ಲ. ಆರು, ಮಾನ್ಯರೇ! ಸಾಲು ಸರಿಯಿದ್ದರೆ ಇಷ್ಟು ಜನ ಹಿತ್ತಿಲ ಬಾಗಿಲಿಗೆ ಏಕೆ ಬರುತ್ತಿದ್ದರು? ಶುಕ್ರವಾರದೊಳಗೆ ಹೆಸರು ಹೇಳಬೇಕು, ಇಲ್ಲವೇ ಆನರ್ಸ್ ಬಿಡಬೇಕು ಎಂದಿದ್ದೀರಿ.

"ಹೇಳಲ್ಲ ಅಂದ್ಬಂದೆ," ಎಂದಳು ಟೆಸ್ಸಾ. "ನಿನ್ ರೂಮಲ್ಲಿ ಇನ್ನೊಂದ್ ಮಂಚ ಖಾಲಿ ಇದ್ಯಲ್ಲ?"

ನನಗೆ ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ಆಯಿತು. ಸೀಟೂ ನನ್ನದು, ಗೆಳತಿಯೂ ನನ್ನವಳು, ತಮ್ಮ ಗಾಜಿನ ಬಾಗಿಲು ಇನ್ನು ಅವಳಿಗೂ ಇಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಖುಷಿ ಮಧ್ಯಾಹ್ನದ ಊಟದವರೆಗೆ ಉಳಿಯಿತು. ಊಟದಲ್ಲಿ ಅವಳು ರೋಲ್ ಮುರಿದು, ಎಂದಿನಂತೆ ದೊಡ್ಡ ಪಾಲನ್ನು ನನ್ನ ತಟ್ಟೆಗೆ ಹಾಕಿದಳು. ಅದನ್ನು ಅವಳ ತಟ್ಟೆಗೇ ತಿರುಗಿ ಇಟ್ಟೆ. ಅವಳ ರೂಮು, ತರಗತಿ, ಸೋಮವಾರ ಎಲ್ಲಕ್ಕೂ ಹೊಟ್ಟೆಕಿಚ್ಚುಪಟ್ಟಿದ್ದೆ. ಈಗ ಅವಳ ಒಳ್ಳೆಯತನಕ್ಕೂ ಪಡಬೇಕಾಯಿತು.

ಆದ್ದರಿಂದ ಆ ಲ್ಯಾಬಿನ ಸೀಟನ್ನು ನನ್ನಿಂದ ಹಿಂದಕ್ಕೆ ತೆಗೆದುಕೊಳ್ಳಿ. ಟೆಸ್ಸಾಳನ್ನು ಅವಳಿದ್ದಲ್ಲೇ ಬಿಡಿ. ಮುಂದಿನ ಬಾರಿ ಎಲ್ಲರಿಗೂ ಒಂದೇ ದಿನ ನೋಂದಣಿ ಇಡಿ. ಈ ಪತ್ರದ ವಿಷಯ ತಿಳಿದರೆ ಅವಳು ನನ್ನ ಮೇಲೆ ಹರಿಹಾಯುತ್ತಾಳೆ, ಹಾಯಲಿ.

ಇಂತಿ,
ತಾವು ಕೇಳಿದ್ದ ಹೆಸರು,
ಕೋರಾ ವಿಂಗರ್ಟ್
(ಗುರುವಾರದವಳು)